ಪುಟ್ಟಿಗೆ, ಇಂಟರ್ನ್‌ಶಿಪ್ ವಿಚಾರಕ್ಕೆ

ಪುಟ್ಟಿ,

ನಿನ್ ವಾಯ್ಸ್ ಮೆಸೇಜು ಎರಡ್ ಸಲ ಕೇಳ್ದೆ ಕಣವ್ವ. ಫೋನಲ್ಲೇ ಹೇಳ್ಬೋದಿತ್ತು, ಆದ್ರೆ ಮಧ್ಯದಲ್ಲಿ ನಿಮ್ಮಮ್ಮ ಫೋನ್ ಕಿತ್ಕೊಂಡು ನಿನ್ನ ಮದುವೆ ವಿಚಾರ ತೆಗೀತಾಳೆ, ಅದಕ್ಕೇ ಟೈಪ್ ಮಾಡ್ತಿದೀನಿ. ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೋ.

ನಿಂಗೆ ಭಯ ಏನು ಅಂದ್ರೆ, ಹೋದ್ ವರ್ಷ ನೀನು ಇಂಟರ್ನ್‌ಶಿಪ್ಪಿಗೆ ಹೆಬ್ಬಾಳದ ವರ್ಕ್‌ಶಾಪಲ್ಲಿ ನಾಕು ವಾರ ಇದ್ದೆ, ಈಗ ಮಂಡ್ಯದಲ್ಲೇ ಎಲೆಕ್ಟ್ರಿಕ್ ಗಾಡಿ ಸರ್ವಿಸ್ ಸೆಂಟರ್ ಸಿಕ್ಕಿದೆ, ಇಂಜಿನಿಯರಿಂಗ್ ಕೊನೇ ವರ್ಷಕ್ಕೆ ಇನ್ನೆಲ್ಲೋ, ಹಿಂಗೆ ಒಂದೊಂದು ಒಂದೊಂದು ದಿಕ್ಕಿಗಿದ್ರೆ ಇವ್ಳು ಎಲ್ಲೂ ನಿಲ್ಲೋಳಲ್ಲ ಅಂತ ಕಂಪ್ನಿಯೋರು ಅಂದ್ಕೋತಾರೆ ಅಂತ. ನಿಮ್ಮಮ್ಮನೂ ಅದನ್ನೇ ಹೇಳಿದ್ಳಂತೆ. ಕೆಲಸ ಬಿಟ್ಟು ಬಿಟ್ಟು ಹೋಗೋರನ್ನ ಹಂಗೆ ಅಂತಾರೆ, ಓದೋ ಹುಡುಗೀನ ಯಾರೂ ಅನ್ನಲ್ಲ. ಆ ಲೆಕ್ಕವೇ ಬೇರೆ.

ನನ್ ಕತೆ ನಿಂಗೆ ಪೂರ್ತಿ ಗೊತ್ತಿಲ್ಲ. ಡಿಪ್ಲೊಮಾ ಮುಗ್ಸಿ ಮೈಸೂರಲ್ಲಿ ಒಂದ್ ಫ್ಯಾಕ್ಟರಿಗೆ ಅಪ್ರೆಂಟಿಸ್ ಆಗಿ ಸೇರ್ದೆ, ಹೆಸರು ಬೇಡ ಬಿಡು. ಒಂದ್ ವರ್ಷ ಪೂರ್ತಿ ಒಂದೇ ಬೆಂಚು, ಡ್ರಿಲ್ ಆಗಿ ಬಂದ ಪೀಸಿಗೆ ಅರ ಹಾಕಿ ಬರ್, ಅಂದ್ರೆ ತೂತಿನ ಅಂಚಲ್ಲಿ ಉಳಿಯೋ ಚೂಪು ಲೋಹ, ತೆಗಿಯೋದು, ಬೆಳಗ್ಗೆಯಿಂದ ಸಾಯಂಕಾಲದವರೆಗೂ ಅದೇ. ನನ್ ಜೊತೆ ಓದ್ದೋನು ಇನ್ನೊಂದ್ ಕಡೆ ಸೇರ್ದ, ಅಲ್ಲಿ ಮೂರ್ ಮೂರ್ ತಿಂಗಳಿಗೆ ಸ್ಟೋರು, ಇನ್‌ಸ್ಪೆಕ್ಷನ್ನು, ಮೇಂಟೆನೆನ್ಸು, ಹೀಟ್ ಟ್ರೀಟ್‌ಮೆಂಟು ಅಂತ ತಿರುಗ್ಸಿದ್ರು. ಸರ್ಟಿಫಿಕೇಟಲ್ಲಿ ಇಬ್ರಿಗೂ ಒಂದೇ ಮಾತು, ಒಂದು ವರ್ಷ ತರಬೇತಿ. ಅವ್ನಿಗೆ ತಿಂಗಳೊಳಗೆ ಕೆಲಸ ಆಯ್ತು, ನಾನು ಎರಡ್ ವರ್ಷ ಮಂಡ್ಯ-ಮೈಸೂರು ರೈಲಲ್ಲಿ ಓಡಾಡ್ದೆ. ಇಂಟರ್ವ್ಯೂನಲ್ಲಿ ಏನ್ ಕೇಳಿದ್ರೂ ನನ್ ತಲೇಲಿ ಬರೀ ಬರ್ರೇ! ಅದಕ್ಕೇ ಹೇಳ್ತೀನಿ, ಬೇರೆ ಬೇರೆ ಅಂದ್ರೆ ಬೇರೆ ಬೇರೆ ಕಂಪ್ನಿ ಅಂತಲೇ ಅಲ್ಲ, ಒಂದೇ ಗೇಟೊಳಗೂ ನಾಕು ಥರ ಕೆಲಸ ನೋಡ್ಬೋದು, ನಾಕು ಗೇಟ್ ದಾಟಿ ಬಂದೂ ಒಂದೇ ಕೆಲಸ ಮಾಡಿರ್ಬೋದು.

ಆಮೇಲೆ ನಾನೇ ಇಂಟರ್ವ್ಯೂ ಟೇಬಲ್ಲಿನ ಆಚೆ ಕಡೆ ಕೂರೋ ಕಾಲ ಬಂತು. ಒಬ್ಬ ಹುಡುಗ, ಫೈಲಲ್ಲಿ ಐದು ಸರ್ಟಿಫಿಕೇಟು, ಎಲ್ಲಾ ಬೆಂಗಳೂರಿಂದು, ಒಂದೊಂದೂ ಹದಿನೈದ್ ದಿನದ್ದು, ಲ್ಯಾಮಿನೇಷನ್ ಬೇರೆ. ಅಳತೆ ತೆಗಿಯೋ ವರ್ನಿಯರ್ ಕೈಗೆ ಕೊಟ್ಟು ಲೀಸ್ಟ್ ಕೌಂಟ್, ಅಂದ್ರೆ ಅದು ತೋರ್ಸೋ ಅತಿ ಸಣ್ಣ ಅಳತೆ, ಎಷ್ಟಪ್ಪಾ ಅಂದ್ರೆ ಸುಮ್ನೆ ತಿರುಗ್ಸಿ ತಿರುಗ್ಸಿ ನೋಡ್ತಾನೆ. 0.02 ಎಂಎಂ ಅಂತ ಅದ್ರ ಮೇಲೇ ಕೆತ್ತಿತ್ತು, ಪಾಪ.

ಅದೇ ದಿನ ಮಳವಳ್ಳಿ ಕಡೆ ಹುಡುಗ ಒಬ್ಬ ಬಂದಿದ್ದ. ರೆಸ್ಯೂಮೇಲಿ ಒಂದು ಡ್ರಾಯಿಂಗ್ ಆಫೀಸು, ಒಂದು ಟ್ರ್ಯಾಕ್ಟರ್ ಗ್ಯಾರೇಜು. ರಜೇಲಿ ಮನೇಲಿ ಏನ್ ಮಾಡ್ತಿದ್ದೆ ಅಂದೆ, ನಾಚ್ಕೊಂಡು ಮಾವನ ಆಲೆಮನೆಗೆ ಹೋಗ್ತಿದ್ದೆ ಸಾರ್ ಅಂದ. ಅಲ್ಲೇನ್ ಮಾಡ್ದೆ? ಗಾಣದ ಬೇರಿಂಗು ಪದೇ ಪದೇ ಬಿಸಿಯಾಗ್ತಿತ್ತಂತೆ, ಎಲ್ರೂ ಗ್ರೀಸ್ ಹಾಕಿ ಹಾಕಿ ಸಾಕಾಗಿದ್ರಂತೆ, ಇವ್ನು ದಾರ ಹಿಡಿದು ನೋಡಿದಾನೆ, ಮೋಟ್ರು ಪುಲ್ಲಿಗೂ ಗಾಣದ ಪುಲ್ಲಿಗೂ ನೇರ ಇಲ್ಲ, ಬೆಲ್ಟು ಪಕ್ಕಕ್ಕೆ ಎಳೀತಿದೆ. ಮೋಟ್ರು ಕೆಳಗೆ ತಗಡಿನ ಪ್ಯಾಕಿಂಗ್ ಕೊಟ್ಟು ಲೈನಿಗೆ ತಂದ್ರಂತೆ. ಆಮೇಲೆ ಅವ್ನೇ ಒಂದ್ ಮಾತು ಸೇರಿಸ್ದ ನೋಡು. ಡ್ರಾಯಿಂಗ್ ಆಫೀಸಲ್ಲಿ ಒಂದು ಬ್ರಾಕೆಟ್ ಬರೀವಾಗ ಬೋಲ್ಟ್ ಪಕ್ಕ ಜಾಸ್ತಿ ಜಾಗ ಬಿಟ್ಟೆ ಸಾರ್, ಯಾಕೆ ಅಂತ ಬೈದ್ರು, ಸ್ಪ್ಯಾನರ್ ತಿರುಗೋಕೆ ಜಾಗ ಬೇಕಲ್ಲ, ಗ್ಯಾರೇಜಲ್ಲಿ ಕೈ ತರ್ಚ್ಕೊಂಡೋನಿಗೆ ಗೊತ್ತು ಅಂದೆ ಅಂತ. ನಾನು ಪಕ್ಕದಲ್ಲಿದ್ದ ಮ್ಯಾನೇಜರ್ ಮುಖ ನೋಡ್ದೆ, ಅವ್ರು ಆಗ್ಲೇ ಹೆಸರಿನ ಮುಂದೆ ಟಿಕ್ ಹಾಕಿದ್ರು.

ಅಷ್ಟೇ ಕಣವ್ವ ನಾನ್ ಹೇಳೋದು. ಗ್ಯಾರೇಜಲ್ಲಿ ಕಲ್ತಿದ್ದು ಆಫೀಸಲ್ಲಿ ಉಪಯೋಗಕ್ಕೆ ಬಂತಲ್ಲ, ಆ ಕೊಂಡಿ ಇರ್ಬೇಕು. ನಿಂಗೆ ಇದೆ, ನೀನೇ ನೋಡ್ಕೊಂಡಿಲ್ಲ. ವರ್ಕ್‌ಶಾಪಲ್ಲಿ ಪಾರ್ಟ್ ತಯಾರಾಗೋದು ನೋಡಿದೀಯ, ಸರ್ವಿಸ್ ಸೆಂಟರಲ್ಲಿ ಅದೇ ಪಾರ್ಟು ಎಲ್ಲಿ ಸವೀತದೆ, ಎಲ್ಲಿ ಮುರೀತದೆ ಅನ್ನೋದು ನೋಡ್ತೀಯ. ಮೂರನೇದು ಡಿಸೈನೋ ಕ್ವಾಲಿಟಿಯೋ ಆದ್ರೆ ಕತೆ ಕೂಡ್ಕೋತದೆ. ಕೊನೇ ವರ್ಷದ್ದು ಮಾತ್ರ ಉದ್ದದ್ದೇ ಮಾಡು, ಒಂದೇ ಕಡೆ. ನಿಮ್ಮ ಯೂನಿವರ್ಸಿಟಿ ವಿಟಿಯು 2022ರ ಸಿಲಬಸ್ ಸ್ಕೀಮಲ್ಲಿ ಅದು 14ರಿಂದ 20 ವಾರ ಅಂತಿದೆ, ಆ ಅವಧಿ ಚೂರು ಚೂರು ಮಾಡ್ಕೋಬೇಡ. ಮೊದಲ್ನೇ ತಿಂಗಳು ಯಾರೂ ನಿಂಗೆ ಏನೂ ಕೊಡಲ್ಲ, ಟೀ ಕುಡೀತೀಯಾ ಅಂತ ಕೇಳ್ತಾರೆ ಅಷ್ಟೇ, ನಂಬಿಕೆ ಬಂದು ಒಂದು ಕೆಲಸ ಕೈಗೆ ಕೊಡೋದು ಎರಡ್ನೇ ತಿಂಗಳಿಂದ.

ದುಡ್ ಕಟ್ಟಿಸ್ಕೊಂಡು ಸರ್ಟಿಫಿಕೇಟ್ ಕೊಡ್ತಾರಲ್ಲ ಆನ್‌ಲೈನಲ್ಲಿ, ಅದು ಬೇಡವೇ ಬೇಡ.

ನಿಮ್ಮಪ್ಪ ಪಿಎಂ ಇಂಟರ್ನ್‌ಶಿಪ್ ಅಂತ ಕೇಂದ್ರ ಸರ್ಕಾರದ ಯೋಜನೆ ಫಾರ್ವರ್ಡ್ ಕಳ್ಸಿದ್ರು. 2024ರಲ್ಲಿ ಶುರು ಮಾಡ್ದಾಗ ತಿಂಗಳಿಗೆ 5000 ಕೊಟ್ಟು 12 ತಿಂಗಳು ಅಂತ ಇತ್ತು, ಆದ್ರೆ ಆಗ ಫುಲ್ ಟೈಮ್ ಓದ್ತಿರೋರಿಗೆ ಅಲ್ಲ ಅಂತಿತ್ತು. ನಿಂಗೆ ಡಿಗ್ರಿ ಆದ್ಮೇಲೆ ಕೆಲಸ ತಡ ಆದ್ರೆ ಅಪ್ರೆಂಟಿಸ್ ದಾರಿ ಇದ್ದೇ ಇದೆ, 1961ರ ಅಪ್ರೆಂಟಿಸ್ ಕಾಯ್ದೆಯದ್ದು, 2019ರ ನಿಯಮದಲ್ಲೇ ಪದವಿಯೋರಿಗೆ ತಿಂಗಳಿಗೆ ಕನಿಷ್ಠ 9000 ಸ್ಟೈಪೆಂಡ್ ಮಾಡಿದ್ರು. ಸೇರೋ ಮುಂಚೆ ಎಷ್ಟು ಡಿಪಾರ್ಟ್‌ಮೆಂಟ್ ತಿರುಗ್ಸ್ತೀರಾ ಅಂತ ಕೇಳು. ನಾನ್ ಕೇಳ್ಲಿಲ್ಲ.

ಇನ್ನೊಂದು, ದಿನಾ ರಾತ್ರಿ ಎರಡ್ ಸಾಲು ಬರ್ದಿಡು. ಯಾವ ಮಿಷಿನ್ನು, ಏನ್ ಕೆಟ್ಟಿತ್ತು, ಹೆಂಗೆ ಗೊತ್ತಾಯ್ತು, ನೀನೇನ್ ತಪ್ ಮಾಡ್ದೆ. ತಪ್ಪೂ ಬರಿ, ಇಂಟರ್ವ್ಯೂನಲ್ಲಿ ಜಾಸ್ತಿ ಕೆಲಸಕ್ಕೆ ಬರೋದು ಅದೇ. ಹೊರಡೋವಾಗ ಸರ್ಟಿಫಿಕೇಟಲ್ಲಿ ಯಶಸ್ವಿಯಾಗಿ ಮುಗಿಸಿದ್ದಾರೆ ಅಂತ ಮಾತ್ರ ಬರ್ಸ್ಕೊಂಡ್ ಬರ್ಬೇಡ, ಯಾವ ವಿಭಾಗ, ಏನ್ ಕೆಲಸ ಅಂತ ಹಾಕ್ಸು. ಸಂಕೋಚ ಪಡ್ಬೇಡ, ಅವ್ರಿಗೂ ಟೈಪ್ ಮಾಡೋಕೆ ಎರಡ್ ನಿಮಿಷ.

ಭಾನುವಾರ ಬಂದ್ರೆ ನನ್ ಹಳೇ ವರ್ನಿಯರ್ ತಗೊಂಡ್ ಹೋಗು, ಬೀರುವಲ್ಲಿ ಸುಮ್ನೆ ಬಿದ್ದಿದೆ. ಮತ್ತೆ ನಿನ್ ಕಾಲಿನ ಸೈಜ್ ಎಷ್ಟು ಅಂತ ಮೆಸೇಜ್ ಮಾಡು, ಸರ್ವಿಸ್ ಸೆಂಟರಿಗೆ ಚಪ್ಲೀಲಿ ಹೋಗ್ಬೇಡ, ಸೇಫ್ಟಿ ಶೂ ಕೊಡುಸ್ತೀನಿ. ಹೆಣ್ಮಕ್ಕಳ ಸೈಜು ಅಂಗಡೀಲಿ ಇಟ್ಟಿರಲ್ಲ, ಮುಂಚೇನೇ ಹೇಳಿ ತರ್ಸ್ಬೇಕು.

ನಿನ್ ಮಾವ
ಮೈಸೂರು