ಹವಾಲ್ದಾರರ ಟ್ರಂಕು: ಉಡುಪಿ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ಕಾರ್ಕಳ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಈ ಮಳೆಗಾಲದಲ್ಲಿ ತೀರಿಕೊಂಡರು. ಸೇನೆಯ ಫಿರಂಗಿ ದಳ ಆರ್ಟಿಲರಿಯವರು, 1971ರ ಯುದ್ಧ ಕಂಡವರು. ಪಿಂಚಣಿಗೆ ಬಂದ ಮೇಲೆ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು, ಅರ್ಧ ಎಕರೆ ಅಡಿಕೆ ತೋಟ ಎಬ್ಬಿಸಿದರು. ಯುದ್ಧದ ಮಾತು ಎತ್ತಿದ್ದು ಕಡಿಮೆ. ಆಗಸ್ಟ್ 15ರ ಬೆಳಿಗ್ಗೆ ಮಾತ್ರ ಊರ ಶಾಲೆಗೆ ಅವರೇ ಬೇಕು. ಬಾವುಟ ಮಡಚಿ, ಒಳಗೆ ಸೇವಂತಿಗೆಯ ಎಸಳು ಇಟ್ಟು, ಒಂದೇ ಎಳೆತಕ್ಕೆ ಬಿಚ್ಚುವಂಥ ಗಂಟು ಹಾಕುವುದು ಬೇರೆಯವರಿಗೆ ಕೈ ಹತ್ತಿರಲಿಲ್ಲ.

ಅಂಥವರ ಮೈಮೇಲೆ ಕೊನೆಯ ದಿನ ಬಾವುಟ ಹೊದೆಸಿದ್ದು ಹಸಿರು ಪಟ್ಟಿ ತಲೆಯ ಕಡೆ ಬರುವಂತೆ. ಧ್ವಜಸಂಹಿತೆ ಹೊದೆಸಲು ಬಿಡುವುದೇ ಸರಕಾರಿ ಅಥವಾ ಸೇನಾ ಗೌರವದ ಅಂತ್ಯಕ್ರಿಯೆಗೆ; ಆಗಲೂ ಕೇಸರಿ ತಲೆಯ ಕಡೆಗಿರಬೇಕು, ಬಾವುಟ ಚಿತೆಯಲ್ಲಿ ಸುಡಬಾರದು. ಊರವರದು ತಪ್ಪಲ್ಲ, ಹೇಳಿಕೊಡುವವರಿರಲಿಲ್ಲ. ಅದಿರಲಿ, ಪತ್ರ ಬರೆದದ್ದು ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ ಕುಟುಂಬ ಪಿಂಚಣಿಗಾಗಿ ಪತ್ನಿ ಪಡುವ ಪಾಡಿಗಾಗಿ.

ಮಂಚದಡಿಯ ಕಪ್ಪು ಟ್ರಂಕಿನ ಮೇಲೆ ಬಿಳಿ ಪೈಂಟಿನ ಆರ್ಮಿ ನಂಬರು ಈಗಲೂ ಓದಲು ಬರುತ್ತದೆ. ಒಳಗೆ ಸಂಗ್ರಾಮ್ ಮೆಡಲ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್. ಬುಕ್ಕಿನಲ್ಲಿ ಪತ್ನಿಯ ಹೆಸರಿನ ಕೊನೆಗೆ 'ಪೂಜಾರ್ತಿ', ಆಧಾರಿನಲ್ಲಿ 'ಪೂಜಾರಿ'. ಹುಟ್ಟಿದ ವರ್ಷವೂ ಬೇರೆ. ನಮ್ಮ ಊರಿನವರಿಗೆ ಇಬ್ಬರೂ ಒಬ್ಬರೇ. ಸೇನಾ ಪಿಂಚಣಿ ನೋಡಿಕೊಳ್ಳುವ ಸ್ಪರ್ಶ್ ಪೋರ್ಟಲಿಗೆ ಅಲ್ಲ. ಹೆಂಗಸರ ಹೆಸರಿನ 'ಶೆಡ್ತಿ' ಕಾಗದದಲ್ಲಿ 'ಶೆಟ್ಟಿ'ಯಾದ ಮನೆಗಳದ್ದೂ ಇದೇ ಕತೆ. ಇದಕ್ಕೆ ಯೂನಿಟ್ ಕ್ಲರ್ಕು ಕಿವಿಗೆ ಬಿದ್ದಂತೆ ಬರೆದುಕೊಂಡ ಇಂಗ್ಲಿಷ್ ಸ್ಪೆಲ್ಲಿಂಗೂ ಸೇರಿದರೆ ಮುಗಿಯಿತು.

ಗಂಡ ಬದುಕಿದ್ದಾಗ ಇದನ್ನು ಸರಿಪಡಿಸುವುದು ದೊಡ್ಡ ಕೆಲಸವಲ್ಲ. ಅವರೇ ಸಹಿ ಹಾಕಿ ಅಫಿಡವಿಟ್, ಜೋಡಿ ಫೋಟೋ, ಆಧಾರ್ ಪ್ರತಿಯೊಂದಿಗೆ ತಮ್ಮ ದಳದ ರೆಕಾರ್ಡ್ ಆಫೀಸಿಗೆ ಬರೆದರೆ ಪಾರ್ಟ್-ಟು ಆರ್ಡರ್ (ಸೇನಾ ದಾಖಲೆಯಲ್ಲಿ ಬದಲಾವಣೆ ನಮೂದಿಸುವ ಆದೇಶ) ಆಗಿ, ಪಿಪಿಒ ತಿದ್ದುಪಡಿಯಾಗುತ್ತದೆ. ಆ ಆಫೀಸು ಆರ್ಟಿಲರಿಗೆ ನಾಸಿಕ್ ರೋಡ್, ಸಂಪರ್ಕ ದಳ ಸಿಗ್ನಲ್ಸಿಗೆ ಜಬಲ್ಪುರ, ಯಂತ್ರ ದುರಸ್ತಿಯ ದಳ ಇಎಂಇಗೆ ಸಿಕಂದರಾಬಾದ್. ಅವರು ಹೋದ ಮೇಲೆ 'ನಾನೇ ಆಕೆ' ಎಂದು ಸಾಬೀತು ಮಾಡುವ ಹೊರೆ ವಿಧವೆಯ ತಲೆಗೆ: ಮ್ಯಾಜಿಸ್ಟ್ರೇಟರೆದುರು ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಮತ್ತೆ ಕಾಯುವುದು.

ಈ ನಡುವೆ ಇನ್ನೊಂದು ಹೊಂಡ. ಸಾವಿನ ಸುದ್ದಿ ಪೋರ್ಟಲಿಗೆ ಮುಟ್ಟುವವರೆಗೂ ಪಿಂಚಣಿ ಖಾತೆಗೆ ಬೀಳುತ್ತಲೇ ಇರುತ್ತದೆ. ಬೊಜ್ಜದ ಖರ್ಚಿಗೆ ಮನೆಯವರು ಎಟಿಎಮ್ಮಿನಿಂದ ತೆಗೆಯುತ್ತಾರೆ. ಆಮೇಲೆ ಅದೇ ಹಣ ಹೆಚ್ಚುವರಿ ಪಾವತಿ ಎಂದು ವಸೂಲಾಗುತ್ತದೆ. ಗಂಡ 67 ದಾಟಿದ್ದರೆ ಪತ್ನಿಗೆ ಕೊನೆಯ ಸಂಬಳದ ಶೇ. 50 ಸಿಗುವ ಪ್ರಶ್ನೆಯಿಲ್ಲ, ಶೇ. 30 ಮಾತ್ರ. ಅದರಲ್ಲೇ ಕಡಿತ. 21 ದಿನದೊಳಗೆ ಮರಣ ನೋಂದಾಯಿಸಿ, ಪ್ರಮಾಣಪತ್ರ ಕೈಗೆ ಸಿಕ್ಕ ದಿನವೇ ಸ್ಪರ್ಶ್‌ನಲ್ಲಿ ತಿಳಿಸಿದರೆ ಇದು ತಪ್ಪುತ್ತದೆ. ಅಷ್ಟನ್ನು ಪಂಚಾಯತಿನ ಗೋಡೆಗೆ ಅಂಟಿಸಲು ಒಂದು ಹಾಳೆ ಸಾಕು.

ನಮ್ಮ ಕೋರಿಕೆ ಸಣ್ಣದು. ನವೆಂಬರಿನಲ್ಲಿ ಜೀವನ ಪ್ರಮಾಣಪತ್ರಕ್ಕೆ ಬಹಳಷ್ಟು ಹಿರಿಯರು ಹೇಗೂ ಮನೆಯಿಂದ ಹೊರಡುತ್ತಾರೆ. ಆ ತಿಂಗಳು ತಾಲ್ಲೂಕಿಗೊಂದು ದಿನ ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಪ್ಯಾನ್, ಪಾಸ್‌ಬುಕ್ ಐದನ್ನೂ ಒಂದೇ ಮೇಜಿನ ಮೇಲೆ ಬಿಡಿಸಿಟ್ಟು ಗಂಡ ಹೆಂಡತಿ ಇಬ್ಬರ ಹೆಸರನ್ನೂ ಅಕ್ಷರ ಅಕ್ಷರ ತಾಳೆ ನೋಡಲಿ. ಬೇರೆಯಿದ್ದರೆ 'ಇಬ್ಬರೂ ಒಬ್ಬರೇ' ಎಂಬ ದೃಢೀಕರಣವನ್ನು ತಹಶೀಲ್ದಾರರು ಅಲ್ಲೇ ಕೊಡಲಿ. ಬೀಡಿ ಕಟ್ಟಿ ಸವೆದ ಬೆರಳಿನ ಅಚ್ಚು ಯಂತ್ರಕ್ಕೆ ಬೀಳದು. ಮುಖ ನೋಡಿ ದೃಢೀಕರಿಸುವ ಮೊಬೈಲ್ ಆ್ಯಪ್ ಗೊತ್ತಿರುವ ಒಬ್ಬ ಹುಡುಗನನ್ನೂ ಕೂರಿಸಿ.

ಯಾರಿಂದ ಶುರುಮಾಡುವುದು ಎಂದು ಕೇಳಿದರೆ, ಕಾರ್ಗಿಲ್ ವಿಜಯ ದಿನದಂದು ಅಜ್ಜರಕಾಡಿನ ಸ್ಮಾರಕದೆದುರು ಮೆಡಲ್ ಹಾಕಿಕೊಂಡು ಸೇರುವ ಹಿರಿಯರಿಂದಲೇ ಆಗಬಹುದು. ಅವರ ಮನೆಯಲ್ಲೂ ಒಂದೊಂದು ಟ್ರಂಕಿದೆ.

ಇಂತು,
ಮಾಜಿ ಸೈನಿಕರ ಕಾಗದಪತ್ರಕ್ಕೆ ನೆರವಾಗುವ ಕೆಲವರು