ಪ್ರಾಸ್ಟೇಟ್ ರೇಡಿಯೇಷನ್: ಮೊದಲು ನೋಡಬೇಕು, ಆಮೇಲೆ ಕೊಡಬೇಕು

ಸಂಪಾದಕರೇ,

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಬಂದಿರುವ ಹೊಸ ರೇಡಿಯೇಷನ್ ಮೆಷಿನ್‌ಗಳ ಬಗ್ಗೆ ನಿಮ್ಮ ಪತ್ರಿಕೆಯ ಬರಹ ಓದಿದೆ. ಐದೇ ಸಿಟ್ಟಿಂಗ್‌ನಲ್ಲಿ ಮುಗಿಯುತ್ತದೆ, ಅಡ್ಡಪರಿಣಾಮವೇ ಇಲ್ಲ ಅಂತೆಲ್ಲ ಇತ್ತು. ಕಿರಣ ಎಲ್ಲಿಗೆ ಬೀಳಬೇಕು ಅಂತ ತೋರಿಸುವ ಸ್ಕ್ಯಾನ್ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ರೇಡಿಯೇಷನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿರುವ ನನಗೆ ಇದು ಸ್ವಲ್ಪ ಕಿರಿಕಿರಿ ಆಯಿತು.

ಪ್ರಾಸ್ಟೇಟ್ ಅನ್ನುವುದು ಗಂಡಸರಲ್ಲಿರುವ ಒಂದು ಸಣ್ಣ ಗ್ರಂಥಿ, ಅದು ಇದ್ದ ಕಡೆಯೇ ಇರುವುದಿಲ್ಲ. ಮೇಲೆ ಮೂತ್ರಕೋಶ, ಹಿಂದೆ ಗುದನಾಳ. ಗುದನಾಳದಲ್ಲಿ ಒಂದಿಷ್ಟು ಗ್ಯಾಸ್ ತುಂಬಿದರೆ ಸಾಕು, ಪ್ರಾಸ್ಟೇಟ್ ಕೆಲವು ಮಿಲಿಮೀಟರ್ ಮುಂದಕ್ಕೆ ಜರುಗಿರುತ್ತದೆ. ಹಿಂದೆ ಚರ್ಮದ ಮೇಲಿನ ಗುರುತು, ಮೂಳೆ ಇವುಗಳನ್ನೇ ನಂಬಿ ಕಿರಣ ಬಿಡಬೇಕಿತ್ತು. ತಪ್ಪಿಹೋದೀತು ಅಂತ ಪ್ರಾಸ್ಟೇಟ್ ಸುತ್ತ ದೊಡ್ಡ ಅಂಚು ಇಟ್ಟುಕೊಂಡು ಅದಕ್ಕೂ ಕಿರಣ ಬಿಡುತ್ತಿದ್ದರು. ಆ ಅಂಚಿನೊಳಗೆ ಗುದನಾಳವೂ ಮೂತ್ರಕೋಶವೂ ಸಿಕ್ಕಿಬಿದ್ದು ಉರಿಮೂತ್ರ, ಮಲದಲ್ಲಿ ರಕ್ತ ಇವೆಲ್ಲ ಶುರುವಾಗುತ್ತಿತ್ತು.

ಈಗ ಪ್ರಾಸ್ಟೇಟ್ ಒಳಗೆ ಅಕ್ಕಿಕಾಳಿಗಿಂತ ಚಿಕ್ಕದಾದ ಚಿನ್ನದ ಗುರುತುಗಳನ್ನು, ಸಾಮಾನ್ಯವಾಗಿ ಮೂರು, ಸೂಜಿಯಿಂದ ಇಟ್ಟಿರುತ್ತಾರೆ. ರೋಗಿ ಮಲಗಿದ ಮೇಲೆ ಅದೇ ಮೆಷಿನ್ನಿನಲ್ಲಿ ಒಂದು ಸಿಟಿ ಸ್ಕ್ಯಾನ್ ತೆಗೆದು, ಪ್ಲಾನ್ ಮಾಡಿದ ದಿನದ ಚಿತ್ರದ ಮೇಲೆ ಇವತ್ತಿನದನ್ನು ಕೂರಿಸಿ ನೋಡುತ್ತೇವೆ. ಚುಕ್ಕೆಗಳು ಒಂದರ ಮೇಲೊಂದು ಬರುವವರೆಗೆ ಟೇಬಲ್ಲನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತೇವೆ. ಗುದನಾಳ ಗ್ಯಾಸಿನಿಂದ ಉಬ್ಬಿದ್ದರೆ ಎಬ್ಬಿಸಿ ಟಾಯ್ಲೆಟ್ಟಿಗೆ ಕಳಿಸುತ್ತೇವೆ, ಮೂತ್ರಕೋಶ ತುಂಬಿಲ್ಲ ಅಂದರೆ ಇನ್ನೂ ಸ್ವಲ್ಪ ನೀರು ಕುಡಿದು ಕಾಯಿರಿ ಅನ್ನುತ್ತೇವೆ. ಸುಮ್ನೆ ಸತಾಯಿಸುತ್ತಾರೆ ಅಂತ ಬೈದುಕೊಳ್ಳುವವರೇ ಜಾಸ್ತಿ! ಆದರೆ ಐದೇ ಸಿಟ್ಟಿಂಗ್ ಅಂದರೆ ಒಂದೊಂದರಲ್ಲೂ ಒಟ್ಟು ಡೋಸಿನ ಐದನೇ ಒಂದು ಭಾಗ ಹೋಗುತ್ತದೆ. ಒಂದು ದಿನ ಗುರಿ ತಪ್ಪಿದರೂ ನಷ್ಟ ದೊಡ್ಡದು, ಅಲ್ವಾ?

ಅಡ್ಡಪರಿಣಾಮವೇ ಇಲ್ಲ ಅನ್ನುವ ಮಾತಿಗೆ ಬರೋಣ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯ 156 ಜನರ ಮೇಲೆ ನಡೆಸಿದ ಮಿರಾಜ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸಿಟಿ ನೋಡಿ ರೇಡಿಯೇಷನ್ ಪಡೆದವರಿಗೆ 4 ಮಿಲಿಮೀಟರ್ ಅಂಚು, ಎಂಆರ್‌ಐ ನೋಡುತ್ತಾ ಪಡೆದವರಿಗೆ 2. ಮೊದಲ ಮೂರು ತಿಂಗಳಲ್ಲಿ ಗಮನಿಸುವಷ್ಟು ಮೂತ್ರದ ತೊಂದರೆ ಬಂದದ್ದು ಸಿಟಿ ಗುಂಪಿನ ಶೇ 43 ಜನರಿಗೆ, ಎಂಆರ್‌ಐ ಗುಂಪಿನ ಶೇ 24 ಜನರಿಗೆ. ಬರೀ 2 ಮಿಲಿಮೀಟರ್‌ಗೆ ಇಷ್ಟು ವ್ಯತ್ಯಾಸ. ಹಾಗಂತ ಶೇ 24 ಸೊನ್ನೆಯಲ್ಲ, ನಿಮ್ಮ ಬರಹಗಾರರಿಗೆ ಇದನ್ನು ತಿಳಿಸಿ.

ಸ್ಕ್ಯಾನ್‌ನಿಂದ ಇನ್ನೊಂದು ಉಪಯೋಗವಿದೆ. ಎಂಆರ್‌ಐನಲ್ಲಿ ಗಡ್ಡೆ ಕಂಡ ಜಾಗಕ್ಕಷ್ಟೇ ಹೆಚ್ಚು ಡೋಸ್ ಕೊಡಬಹುದು. 571 ಜನರ ಫ್ಲೇಮ್ ಅಧ್ಯಯನದಲ್ಲಿ ಎಲ್ಲರಿಗೂ ಇಡೀ ಪ್ರಾಸ್ಟೇಟ್‌ಗೆ 77 ಗ್ರೇ (ರೇಡಿಯೇಷನ್ ಡೋಸಿನ ಅಳತೆ), ಅರ್ಧ ಜನರಿಗೆ ಗಡ್ಡೆಗೆ ಮಾತ್ರ 95ರವರೆಗೆ. ಐದು ವರ್ಷದ ನಂತರ ಪಿಎಸ್‌ಎ (ಕಾಯಿಲೆ ಮರಳಿದರೆ ರಕ್ತದಲ್ಲಿ ಏರುವ ಪ್ರಾಸ್ಟೇಟಿನ ಪ್ರೋಟೀನ್) ಮತ್ತೆ ಏರದೆ ಉಳಿದವರು ಹೆಚ್ಚು ಡೋಸ್ ಸಿಕ್ಕವರಲ್ಲಿ ಶೇ 92, ಸಿಗದವರಲ್ಲಿ ಶೇ 85. ತೊಂದರೆಗಳೇನೂ ಎದ್ದು ಕಾಣುವಷ್ಟು ಹೆಚ್ಚಲಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ವಿಕಿರಣ ಪದಾರ್ಥ ಕೊಟ್ಟು ತೆಗೆಯುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬಗ್ಗೆಯೂ ಈಗ ಎಲ್ಲರೂ ಕೇಳುತ್ತಾರೆ. ಆಪರೇಷನ್ ಆಗಿ ಪಿಎಸ್‌ಎ ಮತ್ತೆ ಏರುತ್ತಿದ್ದರೆ ಕಾಯಿಲೆ ಯಾವ ದುಗ್ಧಗ್ರಂಥಿಯಲ್ಲಿದೆ, ಯಾವ ಮೂಳೆಯಲ್ಲಿದೆ ಅಂತ ಹುಡುಕಲು ಅದು ನಿಜಕ್ಕೂ ಒಳ್ಳೆಯದು. ಆದರೆ ತೀರಾ ಸಣ್ಣದು ಅದರಲ್ಲೂ ಕಾಣುವುದಿಲ್ಲ. ಏನೂ ಕಾಣಲಿಲ್ಲ ಅಂತ ರೇಡಿಯೇಷನ್ ಮುಂದೂಡಿ ಕೂರುವುದು ಸರಿಯಲ್ಲ, ಅದನ್ನು ಡಾಕ್ಟರ್ ಜೊತೆ ಮಾತಾಡಿಯೇ ತೀರ್ಮಾನಿಸಬೇಕು.

ಮುಂದಿನ ಸಲ ಇಂಥ ಬರಹ ಹಾಕುವಾಗ ಆಸ್ಪತ್ರೆಯವರನ್ನು ಎರಡು ಪ್ರಶ್ನೆ ಕೇಳಿ: ಪ್ರತಿ ಸಿಟ್ಟಿಂಗ್‌ಗೂ ಮುಂಚೆ ಚಿತ್ರ ತೆಗೆಯುತ್ತೀರಾ, ಎಷ್ಟು ಮಿಲಿಮೀಟರ್ ಅಂಚು ಬಿಡುತ್ತೀರಾ? ಓದುಗರೂ ಕೇಳಬಹುದು. ಒಳ್ಳೆಯ ಡಾಕ್ಟರ್ ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

– ಒಬ್ಬ ರೇಡಿಯೇಷನ್ ಟೆಕ್ನಾಲಜಿಸ್ಟ್