ಕಾಫಿ ಗೂಡಂಗಡಿಯನ್ನು ಬಿಚ್ಚಿ ಜೋಡಿಸುವಂತಿರಲಿ

ಮಾನ್ಯ ಸಂಪಾದಕರೇ,

ಪಾರ್ಕು, ಕೆರೆ ಏರಿ, ಬಸ್ ನಿಲ್ದಾಣ, ಆಸ್ಪತ್ರೆ ಆವರಣ, ಹೀಗೆ ಜನ ಸೇರುವ ಕಡೆಯಲ್ಲೆಲ್ಲ ಈಗ ಕಾಫಿ ಗೂಡಂಗಡಿ ಬರುತ್ತಿವೆ. ದೇಶದ ಕಾಫಿಯಲ್ಲಿ ಶೇ 70ರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. ಹಾಸನದವನಾದ ನನಗೆ ಇದು ಖುಷಿಯ ಸಂಗತಿಯೇ. ಆದರೆ ಈ ಅಂಗಡಿಗಳನ್ನು ಮಾಡಿಸುವ ರೀತಿ ಬದಲಾಗಬೇಕು. ನನ್ನದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ತಳ್ಳುಗಾಡಿ ಮಾಡಿಕೊಡುತ್ತೇವೆ. ಆ ಕಸುಬಿನವನಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಳೆದ ವರ್ಷ ಮಲೆನಾಡಿನ ಒಂದು ಊರಿನಲ್ಲಿ ಗಟ್ಟಿಮುಟ್ಟಾಗಿದ್ದ ಗೂಡಂಗಡಿಯನ್ನು ಕತ್ತರಿಸಲು ನನ್ನನ್ನು ಕರೆದರು. ಚರಂಡಿ ಕೆಲಸಕ್ಕಾಗಿ ಅದು ಸ್ವಲ್ಪ ಹಿಂದೆ ಸರಿದರೆ ಸಾಕಿತ್ತು. ಆದರೆ ಕಾಲುಗಳನ್ನು ಕಾಂಕ್ರೀಟಿನಲ್ಲಿ ಹುಗಿದಿದ್ದರು. ಒಂದೊಂದು ಜಾಯಿಂಟೂ ವೆಲ್ಡಿಂಗ್. ಎತ್ತುವ ಹಾಗಿಲ್ಲ, ಬಿಚ್ಚುವ ಹಾಗಿಲ್ಲ. ಗ್ಯಾಸ್ ಕಟರ್ ಹಿಡಿಯಬೇಕಾಯಿತು. ಕಬ್ಬಿಣ ತೂಕಕ್ಕೆ ಹೋಯಿತು. ಹೊರಗೆ ಅಂದಕ್ಕೆ ಹೊದಿಸಿದ್ದ ಎಸಿಪಿ ಶೀಟನ್ನು ಗುಜರಿಯವರು ಮುಟ್ಟಲೇ ಇಲ್ಲ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್. ಅದನ್ನು ಬೇರೆ ಮಾಡುತ್ತಾ ಕೂರಲು ಯಾರಿಗೆ ಪುರುಸೊತ್ತಿದೆ? ಅಂಗಡಿ ನಡೆಸುತ್ತಿದ್ದ ಹೆಂಗಸಿಗೆ ಉಳಿದದ್ದು ಸ್ಟೌ, ಫಿಲ್ಟರ್ ಮತ್ತು ಪಾತ್ರೆ. ಅವರ ವ್ಯಾಪಾರ ಅವತ್ತೇ ನಿಂತುಹೋಯಿತು.

ಬಿಚ್ಚಿ ಜೋಡಿಸುವಂತೆ ಮಾಡುವುದು ಕಷ್ಟವೇನಲ್ಲ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ ಬರುತ್ತದೆ. ಅಂಗಡಿಯನ್ನೂ ಅದೇ ಅಳತೆಗೆ ಹೊಂದಿಸಿದರೆ ತುಂಡು ವೇಸ್ಟ್ ಆಗುವುದಿಲ್ಲ. ಚಿಕ್ಕ ಜಾಗಕ್ಕೆ 8 ಅಡಿಗೆ 4 ಅಡಿಯ ಒಂದು ಭಾಗ ಸಾಕು. ಜನ ಜಾಸ್ತಿಯಾದರೆ ಅಂಥದ್ದೇ ಇನ್ನೊಂದನ್ನು ಪಕ್ಕಕ್ಕೆ ಸೇರಿಸಬಹುದು. ತುಕ್ಕು ಹಿಡಿಯದಂತೆ ಸತು ಲೇಪಿಸಿದ ಜಿಐ ಪೈಪಿನ ಚೌಕಟ್ಟು, ಎಲ್ಲ ಕಡೆ ಒಂದೇ ಸೈಜಿನ ಬೋಲ್ಟು. ನೆಲ ಅಗೆಯುವ ಬದಲು ಕಾಲಿಗೆ ತಿರುಗಿಸಿ ಎತ್ತರ ಹೊಂದಿಸುವ ಸ್ಕ್ರೂ ಜಾಕ್ ಕೊಟ್ಟರೆ ಏರುಪೇರಿನ ಜಾಗದಲ್ಲೂ ಮಟ್ಟವಾಗಿ ನಿಲ್ಲುತ್ತದೆ. ಗಾಳಿಗೆ ಅಲುಗದಂತೆ ನೀರಿನ ಟ್ಯಾಂಕು ಮತ್ತು ಸಿಮೆಂಟ್ ಬ್ಲಾಕ್‌ಗಳನ್ನು ತಳದಲ್ಲಿ ಬಿಗಿದರೆ ಆಯಿತು. ಇನ್ನೊಂದು ಮಾತು. ನಮ್ಮ ಕಡೆಯ ಮಳೆಗೆ ಮೊದಲು ಹಾಳಾಗುವುದು ಬುಡದ ಒಂದು ಅಡಿ. ಕೆಳಗಿಂದ ಸಿಡಿಯುವ ನೀರು ಪ್ಲೈವುಡ್ಡನ್ನು ಉಬ್ಬಿಸಿ ಬಿಡುತ್ತದೆ. ಆ ಒಂದು ಅಡಿಯನ್ನು ಸಿಮೆಂಟ್ ಬೋರ್ಡಿನಲ್ಲಿ ಬೇರೆಯಾಗಿಯೇ ಮಾಡಬೇಕು. ಹೋದರೆ ಅದೊಂದನ್ನೇ ಬದಲಿಸಿದರಾಯಿತು, ಅಲ್ವಾ?

ಆರ್ಕಿಟೆಕ್ಚರ್ ಓದುತ್ತಿರುವ ನನ್ನ ಅಣ್ಣನ ಮಗಳು ಕೆ67 ಎಂಬ ಕಿಯೋಸ್ಕಿನ ಫೋಟೊ ತೋರಿಸಿದಳು. ಆಗ ಯುಗೊಸ್ಲಾವಿಯಾದ ಭಾಗವಾಗಿದ್ದ ಸ್ಲೊವೇನಿಯಾದಲ್ಲಿ ಸಾಶಾ ಮೆಖ್ತಿಗ್ ಎಂಬುವವರು 1966ರಲ್ಲಿ ವಿನ್ಯಾಸ ಮಾಡಿದ್ದಂತೆ. ಒಂದಕ್ಕೊಂದು ಜೋಡಿಸಿ ಪೇಪರ್ ಅಂಗಡಿ, ಹೂವಿನ ಅಂಗಡಿ, ತಿಂಡಿ ಅಂಗಡಿ, ಏನು ಬೇಕಾದರೂ ಮಾಡಿಕೊಳ್ಳುತ್ತಿದ್ದರು. ಕೆಲವು ಇನ್ನೂ ಉಳಿದಿವೆ. ಜೋಡಿಸುವ ಆ ಉಪಾಯ ನನಗೆ ತುಂಬಾ ಹಿಡಿಸಿತು. ಆದರೆ ಅದರ ಮೈ ಫೈಬರ್‌ನದು. ಅದಕ್ಕೆ ಅಚ್ಚು ಬೇಕು, ಕಾರ್ಖಾನೆ ಬೇಕು. ಬಿರುಕು ಬಿಟ್ಟರೆ ಅರಕಲಗೂಡಿನಲ್ಲೋ ಸಕಲೇಶಪುರದಲ್ಲೋ ರಿಪೇರಿ ಮಾಡುವವರು ಸಿಗಬೇಕಲ್ಲ. ನಮಗೆ ಪೈಪು, ಪ್ಲೈವುಡ್ಡು, ತಗಡೇ ಸರಿ. ತೋಟಗಳಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಹೇಗೂ ಪ್ಲೈವುಡ್ಡಿಗೆ ಹೋಗುತ್ತದೆ. ಕಾಫಿ ಗಿಡದ ಪಕ್ಕದ ಮರವೇ ಕಾಫಿ ಅಂಗಡಿಗೆ ಆದರೆ ಎಷ್ಟು ಚೆನ್ನ!

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಲೋಟ ತೊಳೆಯುವ ಜಾಗ. ನಾನು ನೋಡಿದ ಗೂಡಂಗಡಿಗಳಲ್ಲಿ ದೊಡ್ಡ ಬೋರ್ಡು ಇರುತ್ತದೆ, ಲೈಟು ಇರುತ್ತದೆ, ಸಿಂಕ್ ಮಾತ್ರ ಇರುವುದಿಲ್ಲ. ಸಿಂಕ್ ಇಲ್ಲದ ಮೇಲೆ ಪೇಪರ್ ಕಪ್ಪೇ ಗತಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟಕ್ಕೆ ದೇಶದಾದ್ಯಂತ ನಿಷೇಧ ಬಂತು. ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ. ಅದರಲ್ಲಿ 100 ಮಿ.ಲೀ. ಬಿಸಿ ನೀರನ್ನು 15 ನಿಮಿಷ ಬಿಟ್ಟರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತದೆ ಎಂದು ಖರಗ್‌ಪುರ ಐಐಟಿಯ ಅಧ್ಯಯನ ಹೇಳಿತ್ತು. ನಮ್ಮ ದರ್ಶಿನಿಗಳು ಇವತ್ತಿಗೂ ಸ್ಟೀಲ್ ಲೋಟದಲ್ಲೇ ಕಾಫಿ ಕೊಡುತ್ತಿವೆ. ಗೂಡಂಗಡಿಗೂ ಅದು ಸಾಧ್ಯ, ನೀರಿನ ವ್ಯವಸ್ಥೆ ಮಾಡಿಕೊಟ್ಟರೆ.

ಹಾಲಿನ ಜಿಡ್ಡು ತಣ್ಣೀರಿಗೆ ಸರಿಯಾಗಿ ಹೋಗುವುದಿಲ್ಲ, ಬಿಸಿನೀರು ಬೇಕು. ಇಲ್ಲಿ ಸೋಲಾರ್ ವಿಚಾರ ಬರುತ್ತದೆ. ಎರಡು ಭಾಗ ಸೇರಿಸಿದ 8 ಅಡಿಗೆ 8 ಅಡಿಯ ಚಾವಣಿಯ ತುಂಬ ಪ್ಯಾನಲ್ ಹಾಕಿದರೂ ಹೆಚ್ಚುಕಡಿಮೆ 1 ಕಿಲೋವಾಟ್ ಆಗುತ್ತದೆ. ಒಳ್ಳೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕರೆಂಟ್ ಸಿಗುತ್ತದೆ. 100 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅಷ್ಟೂ ಖಾಲಿ. ಅದೇ ಮನೆಗಳ ಮೇಲೆ ಇರುವಂಥ ಸೋಲಾರ್ ವಾಟರ್ ಹೀಟರ್ ಆದರೆ 2 ಚದರ ಮೀಟರ್ ಜಾಗದಲ್ಲಿ ಆ ಕೆಲಸ ಮುಗಿಸುತ್ತದೆ. ಉಳಿದ ಜಾಗದಲ್ಲಿ ಒಂದು ಪ್ಯಾನಲ್ ಇಟ್ಟರೆ ಲೈಟು, ಫ್ಯಾನು, ಹಾಲಿಡುವ ಚಿಕ್ಕ ಫ್ರಿಜ್ಜಿಗೆ ಆಸರೆಯಾಗುತ್ತದೆ. ಹಗಲು ಕಾದ ನೀರು ಮರುದಿನ ಬೆಳಗಿನ ಮೊದಲ ಬಸ್ಸಿನ ಹೊತ್ತಿಗೂ ಬೆಚ್ಚಗಿರುತ್ತದೆ. 100 ಲೀಟರ್ ಅಂದರೆ 100 ಕೆ.ಜಿ. ತೂಕ, ಅದನ್ನು ಹೊರುವಂತೆ ಕಂಬಗಳನ್ನು ಮೊದಲೇ ಲೆಕ್ಕ ಹಾಕಬೇಕು. ಜೋರು ಮಳೆಗಾಲದಲ್ಲಿ ಮಾತ್ರ ಗ್ಯಾಸೇ ಗತಿ. ಸೋಲಾರ್ ಇದೆ ಎಂದು ಸುಮ್ನೆ ಬೋರ್ಡು ಹಾಕುವುದಕ್ಕಿಂತ ಈ ಲೆಕ್ಕವನ್ನು ಜನರ ಮುಂದೆ ಇಡುವುದು ಒಳ್ಳೆಯದು.

ಸಿಂಕ್ ಗಿರಾಕಿಗಳಿಗೆ ಕಾಣುವ ಕಡೆಯೇ ಇರಲಿ. ಲೋಟ ತೊಳೆಯುವುದನ್ನು ಕಣ್ಣಾರೆ ನೋಡಿದವರು ಪೇಪರ್ ಕಪ್ ಕೇಳುವುದಿಲ್ಲ. ಕೊಳವೆಗೆ ಹೋಗುವ ಮೊದಲು ಜಿಡ್ಡು ಹಿಡಿಯುವ ಡಬ್ಬಿ, ಕಾಫಿ ಪುಡಿಯ ಚರಟ ಸೋಸಲು ಒಂದು ಜಾಲರಿ ಬೇಕು. ಆ ಚರಟ ಅದೇ ಪಾರ್ಕಿನ ಗೊಬ್ಬರದ ಗುಂಡಿಗೆ ಹೋಗಲಿ. ಕೌಂಟರಿನ ಒಂದು ಭಾಗವನ್ನು ಗಾಲಿಕುರ್ಚಿಯವರಿಗೂ ಮಕ್ಕಳಿಗೂ ಎಟುಕುವಂತೆ ತಗ್ಗಿಸಬೇಕು. ಫುಟ್‌ಪಾತಿನಲ್ಲಿ ಇಡುವುದಾದರೆ ನಡೆಯುವವರಿಗೆ 1.8 ಮೀಟರ್ ಬಿಟ್ಟೇ ಇಡಬೇಕು.

ಸ್ಥಳೀಯ ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟು. ಅಳತೆ ಸಮೇತ ನಕ್ಷೆಯನ್ನು ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಆಗ ತಾಲ್ಲೂಕಿನ ವೆಲ್ಡಿಂಗ್ ಅಂಗಡಿಗಳಿಗೂ ಕೆಲಸ ಸಿಗುತ್ತದೆ, ರಿಪೇರಿಗೂ ನಾವೇ ಹತ್ತಿರ ಇರುತ್ತೇವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು. ಟೆಂಡರಿಗೆ ಮುಂಚೆ ಒಂದು ಮಾದರಿ ಮಾಡಿಸಿ, ಅವರ ಕೈಗೆ ಕೊಟ್ಟು, ಒಂದು ಮಳೆಗಾಲ ವ್ಯಾಪಾರ ಮಾಡಲು ಬಿಡಿ. ಆಮೇಲೆ ಅದನ್ನು ಇಬ್ಬರು ಸ್ಪ್ಯಾನರ್ ಹಿಡಿದು ಅರ್ಧ ದಿನದಲ್ಲಿ ಬಿಚ್ಚಿ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ ತೋರಿಸಲಿ. ಹಾಗೆ ಆಗದಿದ್ದರೆ ಆ ವಿನ್ಯಾಸಕ್ಕೆ ಬಿಲ್ ಪಾಸ್ ಮಾಡಬೇಡಿ.

ಇಂತಿ,
ವೆಲ್ಡಿಂಗ್ ಅಂಗಡಿಯ ಒಬ್ಬ ಓದುಗ, ಹಾಸನ